ಪಂಚಕಜ್ಜಾಯ ತಿಂದ ಆನೆ

“ಕೈ ಮುಗಿಯೂದು ಸಾಕು, ಓಡು ಮಾರಾಯ!” ರಾಮ ಲಾರಿಯ ಮೇಲಿಂದ ಕೂಗಿದ.

ಶಾಂತಾರಾಮ ಓಡಲಿಲ್ಲ. ಹತ್ತು ಮಾರು ದೂರದಲ್ಲಿ ಆನೆ ಉಗ್ರಾಣದ ಡೇರೆ ಕಿತ್ತು ಹಿಟ್ಟಿನ ಚೀಲ ಸಿಗಿಯುತ್ತಿತ್ತು. ಅಡ್ಡ ಬಂದ ಕಾವಲುಗಾರನ ತೋಳು ಮುರಿದಿತ್ತು. ತಿಂದು ಮುಗಿಸಿ ಅದು ತಾನಾಗಿಯೇ ಹೋಯಿತು.

ತಪ್ಪು ಶಾಂತಾರಾಮನದೇ. ಹೊನ್ನಾವರದ ಮಾವಿನಕುರ್ವೆಯವನು, ಕೀನ್ಯಾದ ಈ ಸಫಾರಿ ಕ್ಯಾಂಪಿಗೆ ಅಡುಗೆಗೆ ಬಂದು ಎರಡು ವರ್ಷವಾಗಿತ್ತು. ೧೯೬೧ರ ಚೌತಿಯ ಬೆಳಿಗ್ಗೆ, ಊರಲ್ಲಾದರೆ ಇಡಗುಂಜಿಯ ಗಣಪತಿ ಗುಡಿಗೆ ಹೊರಡುವ ಹೊತ್ತಿಗೆ, ಇಲ್ಲಿ ಬೆಲ್ಲ ಕೊಬ್ಬರಿ ಹಾಕಿ ಪಂಚಕಜ್ಜಾಯ ಕಲಸಿದ್ದ. ನೈವೇದ್ಯ ಇಡಲು ಗಣಪತಿಯ ಒಂದು ಪಟವೂ ಇರಲಿಲ್ಲ. ತಲೆ ಎತ್ತಿದರೆ ಡೇರೆಯ ಎದುರಿಗೇ ಒಂಟಿ ಸಲಗ. ತಟ್ಟೆಯನ್ನು ಅದರ ಮುಂದಿಟ್ಟು ಅಡ್ಡಬಿದ್ದ. ಮರುದಿನ ಅದು ಮತ್ತೆ ಬಂತು, ಇವನು ಮತ್ತೆ ಇಟ್ಟ. ಎಂಟು ದಿನ ಹೀಗೇ ನಡೆಯಿತು. ಒಂಬತ್ತನೆಯ ದಿನ, ಅಂದರೆ ಇವತ್ತು, ಬೆಲ್ಲ ಮುಗಿದಿತ್ತು.

ಕ್ಯಾಂಪಿನ ದೊರೆ ಹೆಚ್ಚು ಮಾತಾಡಲಿಲ್ಲ. ನಾಳೆ ಆನೆ ಬಂದರೆ ಗುಂಡಿಕ್ಕುವುದು, ಅಷ್ಟೇ ಅಂದ.

“ಕೇಳ್ತಾ?” ಅಂದ ರಾಮ. ಅವನು ಕುಮಟೆಯ ಬಾಡದವನು, ಲಾರಿ ಡ್ರೈವರ್. “ದೇವ್ರಿಗೆ ಗುಂಡಿಕ್ಸೂಕೆ ನೀನೊಬ್ಬನೇ ಸಾಕು.”

“ಬಾಯಿ ಮುಚ್ಚು. ಅದು ಬರದಿದ್ದಂಗೆ ಮಾಡ್ತೆ.”

“ಎಂತ ಮಾಡ್ತೀ? ಕಾಗದ ಬರಿತ್ಯಾ ಅದಕ್ಕೆ?”

“ಹೊಡಿತೆ.”

ರಾಮ ನಗಲಿಲ್ಲ.

ಬೆಳಿಗ್ಗೆ ದೊರೆ ಕೋವಿ ಹಿಡಿದು ಲಾರಿಯ ಪಕ್ಕ ನಿಂತ. ಒಂದು ಸಲ ನನಗೆ ಬಿಡಿ ಎಂದು ಶಾಂತಾರಾಮ ಬೇಡಿಕೊಂಡಿದ್ದ. ಎಂದಿನ ಹೊತ್ತಿಗೆ ಸರಿಯಾಗಿ ಆನೆ ಬತ್ತಿದ ಹೊಳೆ ದಾಟಿ ಬಂತು. ಅದಕ್ಕೆ ಇವನ ಗುರುತಿತ್ತು. ಹತ್ತಿರ ಬಂದು ಮೆಲ್ಲಗೆ ಸೊಂಡಿಲು ಚಾಚಿತು.

ಶಾಂತಾರಾಮ ಬೆನ್ನ ಹಿಂದೆ ಹಿಡಿದಿದ್ದ ಉರಿಯುವ ಕೊಳ್ಳಿಯನ್ನು ಆ ಸೊಂಡಿಲಿಗೇ ಬೀಸಿ ಹೊಡೆದ.

ಆನೆ ಚೀರಿತು. ನೆಲ ಅದುರಿಸುತ್ತ ತಿರುಗಿ ಓಡಿತು.

“ಹೋಗು! ಮತ್ತೆ ಇತ್ಲಾಗೆ ಮೋರೆ ತೋರಿಸ್ಬೇಡ!” ಶಾಂತಾರಾಮ ಕೊಳ್ಳಿಯನ್ನು ಅದರ ಹಿಂದೆಯೇ ಎಸೆದ.

“ಆತು, ಹೋತು ಮಾರಾಯ. ಬಾ ಈಚೆ,” ಅಂದ ರಾಮ.

ಹೊಳೆಯ ಆಚೆ ದಡ ಹತ್ತಿದ ಆನೆ ನಿಂತಿತು. ಹಿಂತಿರುಗಿ, ಅಡುಗೆ ಡೇರೆಯ ಕಡೆಗೆ ಸೊಂಡಿಲು ಎತ್ತಿ ವಾಸನೆ ಹಿಡಿಯಿತು. ಒಂದು ಹೆಜ್ಜೆ ಕೆಳಗಿಳಿಯಿತು. ದೊರೆ ಕೋವಿಯನ್ನು ಹೆಗಲಿಗೇರಿಸಿದ.

ಶಾಂತಾರಾಮ ಒಲೆಯಿಂದ ಇನ್ನೊಂದು ಕೊಳ್ಳಿ ಎಳೆದುಕೊಂಡ. ಕೋವಿಗೂ ಆನೆಗೂ ನಡುವೆ, ಬರಿಗಾಲಲ್ಲಿ, ಹೊಳೆಯ ಮರಳಿಗೆ ಇಳಿದ.