ಗಾಡಿ ತಣ್ಣಗಿರುವಾಗಲೇ ನೋಡಿ

ಒಂದು ಕಾಲದಲ್ಲಿ ಒಂದು ಕುದುರೆ ಇತ್ತಂತೆ. ಕೈಯಿಂದ ಕೈಗೆ ಮಾರಾಟವಾದಂತೆಲ್ಲ ಅದರ ವಯಸ್ಸು ಇಳಿಯುತ್ತಿತ್ತಂತೆ. ಮೊದಲ ಯಜಮಾನನ ಬಳಿ ಇಪ್ಪತ್ತು ವರ್ಷದ್ದು, ಎರಡನೆಯವನ ಬಳಿ ಹನ್ನೆರಡರದ್ದು, ಮೂರನೆಯವನ ಲಾಯಕ್ಕೆ ಬರುವಷ್ಟರಲ್ಲಿ ಆರರ ಪ್ರಾಯ. ಹಲ್ಲು ಮಾತ್ರ ಸವೆದೇ ಇತ್ತು. ಕೊಳ್ಳಲು ಬಂದವರು ಯಾರೂ ಬಾಯಿ ತೆರೆಸಿ ನೋಡಲಿಲ್ಲ. ಮೈಯ ಹೊಳಪು ನೋಡಿ ಹಗ್ಗ ಹಿಡಿದರು. ಆ ಕುದುರೆ ಇನ್ನೂ ಸತ್ತಿಲ್ಲ. ಈಗ ಅದಕ್ಕೆ ನಾಲ್ಕು ಚಕ್ರ ಬಂದಿವೆ, ಮೈಗೆ ಹೊಸ ಬಣ್ಣ ಬಿದ್ದಿದೆ. ಜೇನಕ್ಕನ ಮನೆಗೆ ಬರುವುದರಲ್ಲಿತ್ತು, ಸ್ವಲ್ಪದರಲ್ಲಿ ತಪ್ಪಿತು.

ಜೇನಕ್ಕ ಎಂದರೆ ಊರವರು ಇಟ್ಟ ಹೆಸರು. ಅವಳ ಮನೆಯವರದು ಜೇನು ಸಾಕಣೆ. ಬಯಲಿನ ಹೂವು ಮುಗಿದ ಕೂಡಲೇ ಪೆಟ್ಟಿಗೆಗಳನ್ನೆಲ್ಲ ಗುಡ್ಡದ ಮೇಲಕ್ಕೆ ಸಾಗಿಸಬೇಕು. ತಡವಾದರೆ ಹುಳುಗಳಿಗೆ ಉಣ್ಣಲು ಏನೂ ಇರುವುದಿಲ್ಲ, ಅದೇ ಹೊತ್ತಿಗೆ ಸುತ್ತಲಿನ ಹೊಲಗಳಿಗೆ ವಿಷ ಹೊಡೆಯುತ್ತಾರೆ. ಕಳೆದ ವರ್ಷ ನಲವತ್ತು ಪೆಟ್ಟಿಗೆಗಳನ್ನು ಬಾಡಿಗೆ ಟೆಂಪೋದಲ್ಲಿ ಒಯ್ದಿದ್ದರು. ಅರ್ಧ ದಾರಿಯ ಕೆಸರಿನಲ್ಲಿ ಟೆಂಪೋ ಹೂತುಕೊಂಡಿತು. ಬಾಗಿಲು ಮುಚ್ಚಿದ ಪೆಟ್ಟಿಗೆಗಳ ಮೇಲೆ ಬಿಸಿಲು ಏರಿತು. ಹತ್ತು ಪೆಟ್ಟಿಗೆಯ ಹುಳುಗಳು ಒಳಗೇ ಬೆಂದು ಸತ್ತವು.

ಜೇನಕ್ಕ ಆ ಪೆಟ್ಟಿಗೆಗಳನ್ನು ಮನೆಗೆ ತಂದು, ಸತ್ತ ಹುಳುಗಳನ್ನು ಗುಡಿಸಿ ಮೊರಕ್ಕೆ ತುಂಬಿದಳು. ಒಂದು ಪೆಟ್ಟಿಗೆಯಿಂದ ನಲವತ್ತು ಮಾಡಿದ್ದ ಅತ್ತೆ ಹೊಸ್ತಿಲ ಮೇಲೆ ಕೂತು ನೋಡಿದರು, ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಬರೋ ವರ್ಷ ಒಂದು ಪೆಟ್ಟಿಗೇನೂ ಹೋಗಲ್ಲ ಅತ್ತೆ," ಎಂದಳು ಜೇನಕ್ಕ. "ಉಳಿದ ಮೂವತ್ತರ ಬಾಗಿಲೂ ಗುಡ್ಡದ ಮೇಲೆ ನಿಮ್ಮ ಕಣ್ಣೆದುರೇ ತೆಗೀತೀನಿ."

ಅಂದಿನಿಂದ ಅವಳ ಹೊಟ್ಟೆಯಲ್ಲಿ ಸಿಟ್ಟೊಂದು ಗೂಡು ಕಟ್ಟಿಕೊಂಡಿತ್ತು.

ಈ ವರ್ಷ ಹೂವು ಉದುರಲು ಹತ್ತು ದಿನ ಇದೆ ಎನ್ನುವಾಗ ಗಂಡ ಕುಣಿಯುತ್ತ ಬಂದ. ಹಳೆ ಗಾಡಿ ಮಾರಿಸುವ ಬಿಳಿ ಬೂಟಿನ ದಲ್ಲಾಳಿಯ ಬಳಿ ಫೋರ್ ವೀಲ್ ಡ್ರೈವ್ ಜೀಪು ಬಂದಿದೆಯಂತೆ. ನಾಲ್ಕು ಚಕ್ರವೂ ಎಳೆಯುತ್ತವೆ, ಕೆಸರೆಂದರೆ ಅದಕ್ಕೆ ಲೆಕ್ಕಕ್ಕಿಲ್ಲ. ಹದಿನೈದು ವರ್ಷದ್ದಾದರೂ ಮೀಟರು ತೋರಿಸುವುದು ಎಂಬತ್ತು ಸಾವಿರ ಕಿಲೋಮೀಟರ್ ಅಷ್ಟೆ. ಬಾನೆಟ್ಟಿಗೆ ಕಿವಿಯಿಟ್ಟು ಕೇಳಿದ್ದನಂತೆ.

"ಒಂದೇ ಸಮ ಗುಂಯ್ ಅಂತಿತ್ತು ಕಣೇ. ರಾಣಿ ಇರೋ ಪೆಟ್ಟಿಗೆ ಹಾಗೆ."

ಎಷ್ಟು ಹೊತ್ತಿಗೆ ನೋಡಿದಿರಿ ಎಂದು ಜೇನಕ್ಕ ಕೇಳಿದಳು. ಮಧ್ಯಾಹ್ನ ಎಂದ. ಜೇನು ಸಾಕುವವರು ಚಳಿಯಲ್ಲಿ ಪೆಟ್ಟಿಗೆ ಮುಟ್ಟುವುದಿಲ್ಲ; ಬಿಸಿಲೇರಿ ಹುಳು ಹಾರಾಡತೊಡಗಿದ ಮೇಲೆಯೇ ಮುಚ್ಚಳ ತೆಗೆಯುತ್ತಾರೆ. ಜೀಪಿಗೂ ಅವನು ಅದೇ ಶಾಸ್ತ್ರ ಹಚ್ಚಿದ್ದ. ದಲ್ಲಾಳಿಯೂ ಮಧ್ಯಾಹ್ನವೇ ಬನ್ನಿ ಎಂದಿದ್ದನಂತೆ. ಆ ಒಂದು ಮಾತು ಜೇನಕ್ಕನಿಗೆ ಮುಳ್ಳಿನಂತೆ ಚುಚ್ಚಿತು.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ತಂಗಿಗೆ ಅವಳು ಫೋನು ಹಚ್ಚಿದಳು. ಗಂಡನ ಮುಖ ಗಂಟಾಯಿತು.

"ಅವಳ ಹತ್ರ ಬರೋದೆಲ್ಲ ಕೆಟ್ಟ ಗಾಡಿಗಳೇ. ಅವಳ ಕಣ್ಣಿಗೆ ಎಲ್ಲವೂ ರೋಗಿಷ್ಟವೇ. ಕೈ ಕುಲುಕಿ ಬಂದಿದೀನಿ, ನಾಳೆ ಅಡ್ವಾನ್ಸ್ ಕೊಡೋದು."

"ಕೊಡಿ. ಮೊದಲು ಅವಳು ನೋಡ್ಲಿ," ಎಂದಳು ಜೇನಕ್ಕ. ದನಿ ಏರಿಸಲಿಲ್ಲ. ಅವಳ ದನಿ ಏರದಿದ್ದರೆ ಮನೆಯಲ್ಲಿ ಎಲ್ಲರೂ ಹುಷಾರಾಗುತ್ತಿದ್ದರು.

ಮರುದಿನ ಮಂಜು ಹರಿಯುವ ಮೊದಲೇ, ಹೇಳದೆ ಕೇಳದೆ, ಮೂವರೂ ದಲ್ಲಾಳಿಯ ಅಂಗಳಕ್ಕೆ ಹೋದರು. ಬಾಯಲ್ಲಿ ಟೂತ್‌ಪೇಸ್ಟಿನ ನೊರೆ, ಒಂದು ಕಾಲಿಗೆ ಮಾತ್ರ ಬಿಳಿ ಬೂಟು, ಹಾಗೇ ಅವನು ಓಡಿ ಬಂದ. ಮಧ್ಯಾಹ್ನ ಬನ್ನಿ ಅಂದಿದ್ದೆನಲ್ಲ ಎಂದು ಗೊಣಗಿದ. ತಂಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಈಗ ಸ್ಟಾರ್ಟ್ ಮಾಡಿ ಎಂದಳು.

ಜೀಪು ಕೆಮ್ಮಿತು. ಐದನೆಯ ಸಲಕ್ಕೆ ಹೊತ್ತಿಕೊಂಡು, ಹಿಂದಿನಿಂದ ನೀಲಿ ಹೊಗೆಯನ್ನು ಮೋಡದಂತೆ ಉಗುಳಿತು. ಜೇನಕ್ಕನ ಗಂಡ ಮಾತ್ರ ನೆಮ್ಮದಿಯಾಗಿ ನಿಂತಿದ್ದ. ದಿನವೂ ಹೊಗೆ ಹಾಕಿ ಹುಳು ಶಾಂತ ಮಾಡುವವನಿಗೆ ಹೊಗೆಯೆಂದರೆ ಹೆದರಿಕೆಯೇ ಇಲ್ಲ.

"ಭಾವ, ಇದು ಎಂಜಿನ್ ಆಯಿಲ್ ಸುಡೋ ಹೊಗೆ," ಎಂದಳು ತಂಗಿ. "ನಿನ್ನೆ ನೀವು ಬರೋ ಮೊದಲೇ ಬಿಸಿ ಮಾಡಿಟ್ಟಿದ್ದಾರೆ. ಬಿಸಿಯಾದ ಮೇಲೆ ಎಷ್ಟೋ ರೋಗ ಅಡಗುತ್ತೆ. ಪೆಟ್ಟಿಗೆ ಸಾಗಿಸೋದು ನಸುಕಿನಲ್ಲಿ ತಾನೇ?"

ಬಳಿಕ ಅವಳು ಬ್ರೇಕಿನ ಪೆಡಲ್ಲು ತೋರಿಸಿದಳು. ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು. ಎಂಬತ್ತು ಸಾವಿರಕ್ಕೆ ಇಷ್ಟು ಸವೆಯುವುದಿಲ್ಲ, ಮೀಟರು ತಿರುಗಿಸಿರಬೇಕು ಎಂದಳು. ಎಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಚೀಲ ಹಾಸಿ ಜೀಪಿನ ಅಡಿಗೆ ತೂರಿದಳು. ಅವಳ ಸ್ಕ್ರೂಡ್ರೈವರು ಗಾಡಿಯ ಮೈಭಾರ ಹೊರುವ, ಹೊಸ ಕಪ್ಪು ಬಣ್ಣ ಬಳಿದ ಚಾಸಿಯೊಳಗೆ ಒದ್ದೆ ರಟ್ಟಿಗೆ ಚುಚ್ಚಿದಂತೆ ಇಳಿಯಿತು. ಒಳಗೆಲ್ಲ ತುಕ್ಕು.

"ಭಾವ, ನೀವೂ ಬಗ್ಗಿ ನೋಡಿ. ಎಂಜಿನ್ ಶಕ್ತೀನ ಹಿಂದಿನ ಚಕ್ರಕ್ಕೆ ಒಯ್ಯೋ ದಪ್ಪ ಕೊಳವೆ ಇದೆ. ಮುಂದಿನ ಚಕ್ರಕ್ಕೆ ಹೋಗೋದು ಎಲ್ಲಿ?"

ಅವನು ಹುಡುಕಿದ. ಇರಲಿಲ್ಲ.

"ಬಿಚ್ಚಿ ತೆಗೆದಿದ್ದಾರೆ. ಮುಂದಿನ ಚಕ್ರದ ಗೇರು ಸವೆದು ಕೂಗ್ತಿರುತ್ತೆ, ಕೊಳ್ಳೋರಿಗೆ ಕೂಗು ಕೇಳಬಾರದಲ್ಲ. ಇದರಲ್ಲಿ ಫೋರ್ ವೀಲ್ ಇರೋದು ಬಾಗಿಲಿನ ಸ್ಟಿಕ್ಕರ್ ಮೇಲೆ ಮಾತ್ರ."

ಹಳೆಯ ಗಾಡಿ ಎಂದ ಮೇಲೆ ಅಷ್ಟೋ ಇಷ್ಟೋ ದೋಷ ಇರುತ್ತದೆ ಎಂದ ದಲ್ಲಾಳಿ. ನಾನು ನಿಮ್ಮ ಯಜಮಾನರ ಹತ್ತಿರ ಮಾತಾಡುತ್ತೇನೆ, ನೀವು ಆ ಕಡೆ ಕೂತುಕೊಳ್ಳಿ ಅಮ್ಮಾ ಎಂದು ಜೇನಕ್ಕನಿಗೂ ಹೇಳಿದ.

ಜೇನಕ್ಕ ಕೂರಲಿಲ್ಲ.

"ಅಷ್ಟೋ ಇಷ್ಟೋ ಅಲ್ಲ. ಆ ಕೊಳವೆ ತಾನಾಗಿ ಬಿದ್ದಿಲ್ಲ. ಅದನ್ನ ಬಿಚ್ಚೋಕೆ ಯಾರೋ ನೆಲದ ಮೇಲೆ ಮಲಗಿ ಒಂದೊಂದೇ ಬೋಲ್ಟು ತಿರುಗಿಸಿದ್ದಾರೆ. ಅಷ್ಟು ಹೊತ್ತೂ ನಿಮಗೆ ಗೊತ್ತಿತ್ತು, ಇದನ್ನ ನಂಬಿ ಒಂದು ಸಂಸಾರ ಗುಡ್ಡ ಹತ್ತುತ್ತೆ ಅಂತ. ಗೊತ್ತಿದ್ದೂ ಬಣ್ಣ ಹೊಡೆದಿರಿ."

ದಲ್ಲಾಳಿ ಇನ್ನೊಂದು ಬೂಟು ಹುಡುಕುವ ನೆವದಲ್ಲಿ ಒಳಗೆ ಹೋದ.

ದಾರಿಯಲ್ಲಿ ಸಿಟ್ಟು ಗಂಡನ ಕಡೆ ತಿರುಗಿತು. ಬೇರೆಯವರಿಂದ ಜೇನು ಕೊಳ್ಳುವಾಗ ಮುಚ್ಚಳ ತೆಗೆದು, ಚೌಕಟ್ಟು ಒಂದೊಂದೇ ಎತ್ತಿ, ರಾಣಿ ಕಣ್ಣಿಗೆ ಬಿದ್ದ ಮೇಲೆ ತಾನೇ ಒಪ್ಪುತ್ತೀರಿ, ಇದಕ್ಕೆ ಹೊರಗಿನಿಂದ ಕಿವಿಯಿಟ್ಟರೆ ಸಾಕಾಯಿತೇ ಎಂದು ಕೇಳಿದಳು. ಮೂರು ದಿನ ಆ ಮನೆಯಲ್ಲಿ ಪಾತ್ರೆಗಳು ದಡಬಡ ಸದ್ದು ಮಾಡಿದವು.

ನಾಲ್ಕನೆಯ ದಿನ ತಂಗಿಯೇ ಇನ್ನೊಂದು ಗಾಡಿಯ ಸುದ್ದಿ ತಂದಳು. ನಿವೃತ್ತಿಯಾದ ದನದ ಡಾಕ್ಟರಮ್ಮನ ಜೀಪು. ಬಣ್ಣ ಮಾಸಿದೆ, ಬಾಗಿಲು ನೆಗ್ಗಿದೆ, ವಯಸ್ಸು ಹದಿನೆಂಟು, ಓಡಿರುವುದು ಎರಡು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್. ಗಂಡ ಬೆರಳು ಮಡಚಿ ಲೆಕ್ಕ ಹಾಕಿದ.

"ಭೂಮಿಗೆ ಏಳು ಸುತ್ತು ಬಂದಿದೆ. ಇದು ಗುಡ್ಡ ಹತ್ತೋದಾ, ನಾವು ಇದನ್ನ ಹೊತ್ತು ಹತ್ತೋದಾ?"

ಈ ಸಲ ಜೇನಕ್ಕನಿಗೂ ಅನುಮಾನ. ಸಿಟ್ಟು ಆರದವರಿಗೆ ಎಲ್ಲ ಜೀಪಿನ ಹಿಂದೆಯೂ ಬಿಳಿ ಬೂಟು ಕಾಣುತ್ತದೆ. ತಂಗಿ ಹೇಳಿದಳು: "ಎಷ್ಟು ಓಡಿದೆ ಅಂತ ಹೆದರಬೇಡಿ. ಓಡಿಸಿದವರು ಹೇಗೆ ನೋಡ್ಕೊಂಡ್ರು ಅಂತ ಕೇಳಿ."

ಡಾಕ್ಟರಮ್ಮ ಕೇಳುವ ಮೊದಲೇ ದೋಷ ಹೇಳಿದರು. ಮೇಲ್ಛಾವಣಿ ಸೋರುತ್ತದೆ, ಎಂಜಿನ್ನಿನ ಒಂದು ರಬ್ಬರ್ ಸೀಲಿನಲ್ಲಿ ಆಯಿಲ್ ಜಿನುಗುತ್ತದೆ, ಟೈರು ಬದಲಿಸಲೇಬೇಕು. ಹಸುಗಳ ಚೀಟಿ ಬರೆದಂತೆ ಜೀಪಿಗೂ ಒಂದು ಪುಸ್ತಕ ಇಟ್ಟಿದ್ದರು: ಆಯಿಲ್ ಬದಲಿಸಿದ ತಾರೀಖು, ಬೆಲ್ಟು, ಕ್ಲಚ್ಚು, ಪ್ರತಿಯೊಂದೂ. ಇವರು ಹೋಗಿದ್ದೂ ನಸುಕಿನಲ್ಲೇ. ತಣ್ಣಗಿದ್ದ ಎಂಜಿನ್ ಎರಡನೆಯ ಸಲಕ್ಕೆ ಎದ್ದಿತು, ಹೊಗೆ ತುಸು ಬಂದು ತಿಳಿಯಾಯಿತು. ಕಾಗದದಲ್ಲಿದ್ದ ಚಾಸಿ ನಂಬರಿಗೂ ಗಾಡಿಯಲ್ಲಿ ಕೊರೆದದ್ದಕ್ಕೂ ತಾಳೆಯಾಯಿತು. ತಂಗಿ ನಾಲ್ಕೂ ಚಕ್ರ ಎಳೆಯುವ ಗೇರು ಹಾಕಿ ಕೆರೆದಂಡೆಯ ಕೆಸರಿಗೆ ಇಳಿಸಿದಳು; ಮುಂದಿನ ಚಕ್ರಗಳೂ ಮಣ್ಣು ಕಚ್ಚಿ ಎಳೆದವು.

ಗಂಡ ಎಲ್ಲಿ ಎಂದು ನೋಡಿದರೆ, ನಿಲ್ಲಿಸಿದ ಜೀಪಿನ ಅಡಿಯಲ್ಲಿ ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಬೆನ್ನೆಲ್ಲ ಕೆಸರು ಮಾಡಿಕೊಂಡು ಎದ್ದ.

"ಎರಡೂ ಕೊಳವೆ ಇವೆ," ಎಂದ, ಹೆಂಡತಿಯ ಮುಖ ನೋಡಿ. ಜೇನಕ್ಕ ಬಹಳ ದಿನದ ಮೇಲೆ ನಕ್ಕಳು.

ಕೈಯಲ್ಲಿರುವುದನ್ನೆಲ್ಲ ಗಾಡಿಗೇ ಸುರಿಯಬೇಡಿ, ಟೈರಿಗೆ, ಸೀಲಿಗೆ ಒಂದಿಷ್ಟು ಎತ್ತಿಡಿ ಎಂದಳು ತಂಗಿ. ಹಾಗೇ ಮಾಡಿ ಜೀಪು ಕೊಂಡರು.

ಓದುತ್ತಿರುವ ಅಕ್ಕ, ಅಣ್ಣ, ನಾಳೆ ನೀವೂ ಹಳೆಯ ಗಾಡಿ ಕೊಳ್ಳಲು ಹೋಗಬಹುದು. ಮಾರುವವನು ಹೇಳಿದ ಹೊತ್ತಿಗೆ ಹೋಗಬೇಡಿ. ಬಾನೆಟ್ಟು ತಣ್ಣಗಿರುವಾಗ ಹೋಗಿ. ಮೀಟರನ್ನಲ್ಲ, ಪೆಡಲ್ಲನ್ನು ನಂಬಿ. ಬಟ್ಟೆ ಕೊಳೆಯಾದರೂ ಸರಿ, ಗಾಡಿಯ ಅಡಿಗೆ ಬಗ್ಗಿ ನೋಡಿ. ನಾಲ್ಕು ಚಕ್ರವೂ ಎಳೆಯುತ್ತವೆ ಎಂದರೆ ಕೆಸರಿನಲ್ಲಿ ಎಳೆಸಿ ನೋಡಿ. ಕಾಗದ ತಾಳೆ ನೋಡಿ. ಕಸುಬು ಬಲ್ಲವರನ್ನು ಕರೆದೊಯ್ಯಿರಿ, ಅವರು ನಿಮ್ಮ ನಾದಿನಿಯಾದರೂ, ಸೊಸೆಯಾದರೂ ಮಾತು ಕೇಳಿ. ನಿಮ್ಮನ್ನು ಆ ಕಡೆ ಕೂರಿಸಲು ನೋಡಿದರೆ ಸಿಟ್ಟು ಬರಲಿ. ಕೊಳ್ಳುವ ಮೊದಲು ಬಂದ ಸಿಟ್ಟು ಮನೆ ಕಾಯುತ್ತದೆ. ಕೊಂಡ ಮೇಲೆ ಬಂದದ್ದು ಮನೆಯವರನ್ನೇ ಸುಡುತ್ತದೆ.

ಹೂವು ಉದುರುವ ಹಿಂದಿನ ದಿನ, ಕೋಳಿ ಕೂಗುವ ಹೊತ್ತಿಗೆ, ಜೀಪು ಎದ್ದಿತು. ಹಿಂದೆ ಮೂವತ್ತು ಪೆಟ್ಟಿಗೆ, ಮುಂದೆ ಅತ್ತೆ. ಕಳೆದ ವರ್ಷದ ಕೆಸರು ಬಂದಾಗ ಗಂಡ ನಾಲ್ಕೂ ಚಕ್ರದ ಗೇರು ಹಾಕಿದ. ಜೀಪು ಒಮ್ಮೆ ಮುಗ್ಗರಿಸಿ, ನಾಲ್ಕೂ ಕಾಲೂರಿ ದಾಟಿತು. ಗುಡ್ಡದ ಮೇಲೆ ಬಿಸಿಲು ಇನ್ನೂ ಎಳೆಯದಾಗಿತ್ತು. ಅತ್ತೆಯನ್ನು ಬಂಡೆಯ ಮೇಲೆ ಕೂರಿಸಿ, ಜೇನಕ್ಕ ಬಾಗಿಲುಗಳನ್ನು ಒಂದೊಂದಾಗಿ ತೆಗೆಯುತ್ತ ಹೋದಳು. ಅತ್ತೆ ಬಾಯಲ್ಲೇ ಎಣಿಸುತ್ತಿದ್ದರು. ಇಪ್ಪತ್ತೊಂಬತ್ತು. ಮೂವತ್ತನೆಯ ಬಾಗಿಲು ತೆರೆಯಿತು, ಒಂದು ಹುಳು ಹೊರಗೆ ಬಂದು, ಹೊಸ್ತಿಲ ಮೇಲೆ ಮುಖ ಉಜ್ಜಿಕೊಂಡು, ಹಾರಿತು.