ಸೋಮವ್ವನ ಹಳದಿ ಪುಡಿ

“ಆ ಟಾಕಿ ನೀರ ಮುಟ್ಟಬ್ಯಾಡ್ರೆವ್ವಾ!”

ರಂಜನಾ ಚೀರಿದ್ದು ಕೇಳಿ, ಕೋಳಿ ಶೆಡ್ಡಿನ ಹತ್ತಿರ ಕೊಡ ಅದ್ದುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅಂಗಳದಲ್ಲಿ ಹಲಗೆಯ ಮೇಲೆ ಅವಳ ಅತ್ತೆ ಸೋಮವ್ವನ ಹೆಣ ಜಳಕಕ್ಕೆ ಕಾದಿತ್ತು. ಕರೆಂಟು ಹೋಗಿ ಬೋರು ನಿಂತಿತ್ತು, ಮನೆಯಲ್ಲಿ ತುಂಬಿದ್ದದ್ದು ಆ ಟಾಕಿ ಒಂದೇ. ಅದರ ನೀರು ಅರಿಶಿಣ ಕದಡಿದ ಹಾಗೆ ಹಳದಿ. ರಂಜನಾಳ ಗಂಡ ಸಂಜು ಬೆಳಿಗ್ಗೆಯೇ ಎದ್ದು ಕೋಳಿಗಳಿಗೆ ಔಷಧದ ಪುಡಿ ಕಲಸಿ ಬಿಟ್ಟಿದ್ದ. ಹಡೆದವ್ವ ಸತ್ತು ಮಲಗಿದ್ದರೂ ಕೋಳಿಗಳಿಗೆ ಬಾಯಾರದೆ ಇರುತ್ತದೆಯೇ?

“ಯಾಕವ್ವಾ? ದಿನಾ ಆಕೀನ ಕೈಯಾರೆ ಕಲಸ್ತಿದ್ದ ನೀರು. ಆಕಿ ಮೈಗೆ ಹಾಕಿದ್ರ ಏನಾಕ್ಕೈತಿ?” ಅಂದಳು ಮುದಕವ್ವ. ಓಣಿಗೆ ಹಿರಿಯಳು, ಸೋಮವ್ವನ ಜೀವದ ಗೆಳತಿ.

“ಬ್ಯಾಡ ಆಯಿ, ನಿನ್ನ ಕಾಲ ಬೀಳತೇನಿ. ನಾ ಹೊಳಿಯಿಂದ ತರತೇನಿ.”

ಸೊಸೆಗೆ ದುಃಖ ತಲೆಗೇರಿದೆ ಅಂದುಕೊಂಡು ಅವರೆಲ್ಲ ಕೊಡ ಕೆಳಗಿಟ್ಟರು. ರಂಜನಾ ಅನಗವಾಡಿಯ ಹೊಳೆಯಿಂದ ಕೊಡದ ಮೇಲೆ ಕೊಡ ಹೊತ್ತು ತಂದಳು. ಮೈ ಹೊಳೆದಂಡೆಯಲ್ಲಿತ್ತು, ಮನಸ್ಸು ಮಾತ್ರ ಒಳಮನೆಯ ಕೌದಿಯ ಮೇಲೆ. ಅಲ್ಲಿ ಅವಳ ಮಗಳು ಪ್ರತಿಮಾ ಮಲಗಿದ್ದಳು. ಈಗಷ್ಟೇ ಮಾತು ಕಲಿತ ಕೂಸು, ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಹಣೆ ಮುಟ್ಟಿದರೆ ಕಾದ ಹಂಚು.

ಸಂಜು ಹಿತ್ತಲಲ್ಲಿ ಒಬ್ಬನೇ ಸಿಕ್ಕಾಗ ರಂಜನಾ ಅವನ ಕೈ ಹಿಡಿದಳು. “ಪುಟ್ಟಿ ಮೈ ಸುಡಾಕತ್ತೈತ್ರಿ. ಈಗ ಬಾಗಲಕೋಟಿಗೆ ಹೋಗೂಣು ನಡೀರಿ. ಡಾಕ್ಟರಮ್ಮ ಹೇಳಿದ್ದು ಮರತೀರೇನು?”

“ಹೆಣ ಮನ್ಯಾಗ ಇಟ್ಟು ಮಗಾ ಸೊಸಿ ಊರ ಬಿಡೂದೇನ? ಮಂದಿ ಬಾಯಿಗೆ ಬೀಳಬೇಕೇನ ನಾ?” ಅಂದವನು ಹೆಂಡತಿಯ ಮುಖ ನೋಡಿ ದನಿ ತಗ್ಗಿಸಿದ. “ಮಣ್ಣ ಕೊಟ್ಟ ಕೂಡ್ಲೆ ಹೋಗೂಣು. ಅವ್ವನ ಆಣಿ. ಅಲ್ಲೀತನಕ ನೀ ಏನೂ ಕೊಡಬ್ಯಾಡ ಕೂಸಿಗೆ.”

“ನಾ ಕೊಡತೇನೇನ್ರೀ?” ಅಂದು ಅವಳು ಅಲ್ಲೇ ಅತ್ತುಬಿಟ್ಟಳು.

*

ಸೋಮವ್ವ ಅಂದರೆ ಸುಮ್ಮನೇ ಅಲ್ಲ. ಬೀರೇಶ್ವರನ ಒಕ್ಕಲು, ಕುರಿಯ ಹಿಂದೆ ತಿರುಗಿದ ಕಾಲು. ಹಾಲು ಕುಡಿಯದ ಮರಿಯನ್ನು ಮಡಿಲಲ್ಲಿ ಹಾಕಿಕೊಂಡು ಬೆಳತನಕ ಕೂತು ಬದುಕಿಸಿದವಳು. ಅವಳ ಕೈಗುಣವೇ ಹಂಗೆ ಅನ್ನುತ್ತಿದ್ದರು ಜನ. ಮೇಯಿಸುವ ಬಯಲೆಲ್ಲ ಕಬ್ಬಾದ ಮೇಲೆ ಗಂಡ ಅಮಸಿದ್ದಪ್ಪ ಕುರಿ ಮಾರಿ ಕೋಳಿ ಶೆಡ್ಡು ಹಾಕಿದ. ಮರಿ ಕಂಪನಿಯದು, ಮೇವು ಕಂಪನಿಯದು, ಹಳದಿ ಪುಡಿಯೂ ಕಂಪನಿಯದು. ರೋಗ ಬರುವ ಮೊದಲೇ ನೀರಿನಲ್ಲಿ ಕುಡಿಸಿಬಿಡಿ ಅಂದಿದ್ದರು. ಕುಡಿಸಿದರೆ ಮರಿಗಳು ಸಾಯುತ್ತಿರಲಿಲ್ಲ. ಸೋಮವ್ವ ಅದನ್ನು ಕಣ್ಣಾರೆ ಕಂಡಳು.

“ಅಂಗೈಯಷ್ಟ ಜೀವಕ್ಕ ಹತ್ತತೈತಿ. ಮನಷ್ಯಾಗ ಹತ್ತಂಗಿಲ್ಲೇನು?” ಅಂದು ಒಮ್ಮೆ ಗಂಡನ ಜ್ವರಕ್ಕೆ ಚಹಾದಲ್ಲಿ ಒಂದು ಚಿಟಿಕೆ ಹಾಕಿ ಕೊಟ್ಟಳು. ಇಳಿಯಿತು. ಆಮೇಲೆ ಕೇಳಬೇಕೇ! ಓಣಿಯ ಕೂಸಿಗೆ ಭೇದಿಯಾದರೆ ಸೋಮವ್ವ, ಬಾಣಂತಿಗೆ ಚಳಿ ಬಂದರೆ ಸೋಮವ್ವ. ದೇವರ ಮಾಡದಲ್ಲಿ ಬೀರೇಶ್ವರನ ಭಂಡಾರದ ಅರಿಶಿಣ ಬಟ್ಟಲ ಪಕ್ಕದಲ್ಲೇ ಪುಡಿಯ ಡಬ್ಬಿ ಇಟ್ಟಳು. ಯಾರ ಹತ್ತಿರವೂ ಒಂದು ಎಲೆ ಅಡಿಕೆ ಸಹ ಇಸಿದುಕೊಂಡವಳಲ್ಲ. ಮೈ ಹಗುರಾದ ಕೂಡಲೇ ನಿಲ್ಲಿಸುವುದು, ಮತ್ತೆ ಬಂದರೆ ಮತ್ತೆ ಚಿಟಿಕೆ. ಬರಬರುತ್ತ ಚಿಟಿಕೆಗೆ ಇಳಿಯದ ಜ್ವರಕ್ಕೆ ಅರ್ಧ ಚಮಚ. ಪುಡಿ ಯಾಕೆ ಮೊದಲಿನಂತೆ ಹತ್ತುತ್ತಿಲ್ಲ ಅಂತ ಯಾರೂ ಕೇಳಲಿಲ್ಲ. ರಂಜನಾಳೂ ಕೇಳಲಿಲ್ಲ.

ಹೋದ ತಿಂಗಳು ಮೇವಿನ ತಗಡು ಕೊರೆದು ಸೋಮವ್ವನ ಕಾಲಿನ ಹೆಬ್ಬೆರಳು ಹರಿಯಿತು. ಗಾಯಕ್ಕೆ ಪುಡಿ ಉದುರಿಸಿದಳು, ಹೊಟ್ಟೆಗೂ ತೆಗೆದುಕೊಂಡಳು, ಬರಿಗಾಲಲ್ಲೇ ಕೋಳಿಯ ಹೊಲಸಿನಲ್ಲಿ ಓಡಾಡಿದಳು. ಕಾಲು ಬಾತು ಮೊಣಕಾಲ ತನಕ ಕಪ್ಪಾದ ಮೇಲೆಯೇ ದವಾಖಾನೆ ಕಂಡದ್ದು.

ಡಾಕ್ಟರಮ್ಮ ರಂಜನಾಳನ್ನು ಹೊರಗೆ ಕರೆದಿದ್ದಳು. “ಇವರ ರಕ್ತದಾಗಿನ ರೋಗದ ಹುಳ ನಮ್ಮ ಕಡೆ ಇರೂ ಯಾವ ಔಷಧಕ್ಕೂ ಸಾಯವಲ್ದು. ಕೋಳಿ ಪುಡಿ ನೀವೂ ತಗೋತೀರಿ, ಹೌದಿಲ್ಲ?”

ರಂಜನಾ ತಲೆ ತಗ್ಗಿಸಿದಳು.

“ಕೋಳಿ ಮೈಯಾಗ, ನಿಮ್ಮ ಮೈಯಾಗ, ಆ ಪುಡಿ ತಿಂದು ತಿಂದು ಹುಳ ಗಟ್ಟಿ ಆಗ್ಯಾವ. ಮನ್ಯಾಗ ಇನ್ನ ಯಾರಿಗರ ಜ್ವರ ಬಂದ್ರ ಏನೂ ಕೊಡದ ಹಂಗ ತರ್ರಿ. ಒಂದ ಚಿಟಿಕಿ ಹೊಟ್ಟಿಗೆ ಬಿದ್ರೂ ಹುಳ ಅಡಗಿ ಕೂಡತಾವ. ರಕ್ತ ತಪಾಸ ಮಾಡಿದಾಗ ಸಿಗಲಿಲ್ಲಂದ್ರ ಯಾವ ಔಷಧ ನಾಟತೈತಿ ಅಂತ ನಮಗ ತಿಳಿಯಂಗಿಲ್ಲ. ಕತ್ತಲಾಗ ಕೈಯಾಡಿಸಿದಂಗ ಆಕ್ಕೈತಿ.”

ಒಳಗೆ ಸೋಮವ್ವ ಉರಿಯುವ ಕಣ್ಣು ಬಿಟ್ಟು ಸೊಸೆಯನ್ನೇ ಕಾಯುತ್ತಿದ್ದಳು. “ಇವರ ಔಷಧ ಹತ್ತವಲ್ದವಾ. ಮನ್ಯಾಗಿನ ನನ್ನ ಡಬ್ಬಿ ತಾ.” ಅವಳು ಆಡಿದ ಕಡೆಯ ಮಾತು ಅದೇ.

*

ಡೊಳ್ಳು ಬಂತು. ಹೆಣದ ಮೇಲೆ ಕಂಬಳಿ ಹೊದಿಸಿ ಭಂಡಾರ ತೂರಿದರು. ಹೆಂಗಸರ ಅಳು ಮುಗಿಲಿಗೇರಿತು.

“ನನ್ನ ಮೊಮ್ಮಗನ್ನ ಉಳಿಸಿ ಕೊಟ್ಟಾಕಿ, ಈಗ ಯಾರ ಬಾಗಿಲಿಗೆ ಹೋಗ್ಲೇ ಸೋಮವ್ವಾ!” ಎಂದು ಮುದಕವ್ವ ನೆಲಕ್ಕೆ ಕೈ ಬಡಿದಳು.

ಆಗ ರಂಜನಾಳಿಗೆ ಒಂದು ದಾರಿ ಹೊಳೆಯಿತು. ಸತ್ತವರು ಜೀವದಂತೆ ಇಟ್ಟುಕೊಂಡದ್ದನ್ನು ಅವರ ಜೊತೆ ಕುಣಿಯಲ್ಲಿ ಇಡುವುದುಂಟು. ಈ ಡಬ್ಬಿ ಮಣ್ಣು ಸೇರಿದರೆ ಓಣಿಯವರು ಇನ್ನು ಯಾರ ಕೈಯಿಂದ ತಿಂದಾರು? ಅವಳು ಒಳಗೆ ಹೋದಾಗ ದೇವರ ಮಾಡದ ಮುಂದೆ ನಾಲ್ಕಾರು ಹೆಂಗಸರು ಗುಂಪಾಗಿ ನಿಂತಿದ್ದರು. ಅವಳನ್ನು ಕಂಡು ಕಣ್ಣೊರೆಸಿಕೊಳ್ಳುತ್ತ, ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ನಡೆದರು. ಡಬ್ಬಿ ಹಗುರಾಗಿತ್ತು. ಅದನ್ನು ಯೋಚಿಸುವ ತಾಳ್ಮೆ ಅವಳಿಗಿರಲಿಲ್ಲ.

“ಮಾವಾ, ಇದನ್ನ ಅತ್ತಿ ಜೋಡಿ ಇಡೂಣ್ರಿ,” ಅಂದಳು.

ಅಮಸಿದ್ದಪ್ಪ ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಹಣೆಗೆ ಒತ್ತಿಕೊಂಡ. “ಛಲೋ ನೆನಪ ಮಾಡಿದಿ ನನ್ನವ್ವ. ಆಕೀ ಜೀವಾ ಎಲ್ಲಾ ಇದರಾಗ ಇತ್ತು.”

ಕುಣಿ ತೋಡಿದ್ದು ಸ್ವಂತ ಹೊಲದ ಬದುವಿನಲ್ಲಿ, ಬೇವಿನ ಮರದ ಕೆಳಗೆ. ಕೂಸನ್ನು ಅಲ್ಲಿಗೆ ಒಯ್ಯುವಂತಿರಲಿಲ್ಲ. ಮೊಣಕಾಲು ನೋವಿನ ಮುದಕವ್ವ ಮನೆಯಲ್ಲೇ ಉಳಿಯುತ್ತೇನೆಂದಳು.

“ಆಯಿ, ಪುಟ್ಟಿಗೆ ಏನೂ ಕೊಡಬ್ಯಾಡ. ಔಷಧಾ ಅಂತೂ ಬ್ಯಾಡ. ಬೇಡಿದ್ರ ಹೊಳಿ ನೀರಿನ ಒಂದ ಗುಟುಕ ಅಷ್ಟ.”

“ಔಷಧಾ ಎಲ್ಲಿಂದ ಕೊಡಲೆವ್ವಾ ನಾ? ಹೋಗು, ಅತ್ತಿಗೆ ಮಣ್ಣ ಕೊಟ್ಟು ಬಾ. ಕೂಸಿನ ಚಿಂತಿ ಬಿಡು.”

ಡಬ್ಬಿ ಸೋಮವ್ವನ ಬಲಗೈ ಹತ್ತಿರ ಕೂತಿತು. ರಂಜನಾ ಮೂರು ಹಿಡಿ ಮಣ್ಣು ಹಾಕಿದಳು. ಮೂರನೆಯದನ್ನು ಬೇಕೆಂದೇ ಡಬ್ಬಿಯ ಮೇಲೆ ಹಾಕಿದಳು. ಅತ್ತೀ, ನನ್ನ ಮಗಳನ್ನ ಬಿಟ್ಟುಕೊಡು ಅಂತ ಒಳಗೇ ಬೇಡಿಕೊಂಡಳು. ಗುದ್ದಲಿಗಳು ಮಣ್ಣೆಳೆದವು, ಡಬ್ಬಿ ಕಾಣದಾಯಿತು. ಅವಳಿಗೆ ಬೆಳಗಿನಿಂದ ಮೊದಲ ಬಾರಿ ಉಸಿರು ಸರಾಗವಾಗಿ ಬಂತು. ಮನೆಗೆ ಓಡಿ, ಅಂಗಳದಲ್ಲಿ ಕಾಲು ತೊಳೆಯುವ ಶಾಸ್ತ್ರಕ್ಕೂ ನಿಲ್ಲದೆ ಒಳಗೆ ನುಗ್ಗಿದಳು. ಹಿಂದೆ ಸಂಜು ಬೈಕಿನ ಕಡೆ ಓಡಿದ.

ಒಳಮನೆಯಲ್ಲಿ ಮುದಕವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಅವಳ ಸೆರಗಿನ ತುದಿಯಲ್ಲಿ ಅರ್ಧ ಬಿಚ್ಚಿದ ಒಂದು ಸಣ್ಣ ಗಂಟು.

“ಈಗ ನಿದ್ದಿ ಹತ್ತೈತಿ ನೋಡು. ಭಾಳ ನರಳಾಕತ್ತಿತ್ತು ಬೇ, ಕರುಳ ಚುರ್ ಅಂತು.”

“ಏನ್ ಕೊಟ್ಟಿ ಆಯಿ?”

“ಔಷಧಾ ಅಲ್ಲವ್ವಾ ಇದು, ಹೆದರಬ್ಯಾಡ. ಡಬ್ಬಿ ಮಣ್ಣಿಗೆ ಹೋಗೂಕ್ಕಿಂತ ಮದ್ಲ ನಾವೆಲ್ಲಾರೂ ಚೂರಚೂರ ಹಂಚಕೊಂಡಿವಿ. ಸತ್ತು ಶಿವನ ಕಡೆ ಹೋದಾಕಿ ಕೈಯಾಂದು, ಇನ್ನ ಭಂಡಾರ ಇದ್ದಂಗ ಅಲ್ಲೇನು? ಮೊಮ್ಮಗಳಿಗೆ ಆಯಿದು ಕಡೀ ಪ್ರಸಾದ ಅಂತ ಒಂದ ಚಿಟಿಕಿ ನಾಲಿಗಿಗೆ ಹಚ್ಚೇನಿ.”

ರಂಜನಾ ಕೂಸನ್ನು ಕಸಿದುಕೊಂಡು ಅಂಗಳಕ್ಕೆ ಬಂದಳು. ಅವಳ ಬೆನ್ನಲ್ಲೇ ಮಣ್ಣು ಕೊಟ್ಟು ಬಂದ ಹೆಂಗಸರು ಸಾಲಾಗಿ ಕಾಲು ತೊಳೆಯುತ್ತಿದ್ದರು. ಬಾಗಿದವರ ಸೆರಗಿನ ತುದಿಯಲ್ಲೆಲ್ಲ ಒಂದೊಂದು ಗಂಟು, ಪ್ರತಿ ಗಂಟಿಗೂ ಹಳದಿ ಕಲೆ. ಒಬ್ಬಳು ನೀರು ತಾಗದ ಹಾಗೆ ಅದನ್ನು ಜೋಪಾನವಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಬಾ, ಲಗೂನ ಕೂಡು!” ಸಂಜು ಬೈಕು ಚಾಲೂ ಮಾಡಿ ಕೂಗಿದ.

ಅವಳು ಹಿಂದೆ ಕೂತು ಕೂಸಿನ ಬಾಯಿಗೆ ಬೆರಳು ಹಾಕಿ ಒರೆಸಿದಳು. ಬೆರಳು ಹಳದಿಯಾಗಿ ಬಂತು. ಸೀರೆಗೆ ತಿಕ್ಕಿಕೊಂಡು ಮತ್ತೆ ಒರೆಸಿದಳು. ಬೈಕು ಹೊಲದ ಬದು ದಾಟಿತು, ಬೇವಿನ ಮರ ದಾಟಿತು. ಅವಳು ಒರೆಸುತ್ತಲೇ ಇದ್ದಳು, ಬೆರಳು ಹಳದಿಯಾಗಿಯೇ ಬರುತ್ತಿತ್ತು.