ಎಡತೋಳಿನ ಕೀವು

ಬ್ಲೇಡು ಇಳಿದದ್ದೇ ತಡ, ಕೀವು ಚಿಮ್ಮಿ ಅವನ ಕನ್ನಡಕಕ್ಕೆ ಬಡಿಯಿತು. ಅಕ್ಕ ಕಿರುಚಲಿಲ್ಲ. ಕಿರುಚಿದ್ದರೆ ವಾಸಿಯಿತ್ತು, ಕಿರುಚುವವರನ್ನು ಗದರಿಸಿ ಅವನಿಗೆ ಅಭ್ಯಾಸವಿತ್ತು.

“ಇನ್ನೊಂಚೂರು,” ಎಂದು ಹೆಬ್ಬೆರಳಿನಿಂದ ಒತ್ತಿದ. ಎಡತೋಳಿನ ಕುರುವಿನಿಂದ ಹಳದಿ ಮುಗಿದು ಕೆಂಪು ಬಂತು. ಒಳಗೆ ಚಿಮಟ ತೂರಿಸಿ, ಕೀವು ಕೂತಿದ್ದ ಗೂಡುಗಳನ್ನು ಒಂದೊಂದಾಗಿ ಒಡೆಯುವಾಗ ತನಗೆ ಹಿತವಾಗುತ್ತಿದೆ ಎನ್ನಿಸಿ ಹೇಸಿಗೆಯಾಯಿತು. ಕೈ ಮಾತ್ರ ನಿಲ್ಲಲಿಲ್ಲ.

ಕುರುವಿನ ಸುತ್ತ ಹಲ್ಲಿನ ಗುರುತುಗಳಿದ್ದವು. ಮೇಲೊಂದು ಕಮಾನು, ಕೆಳಗೊಂದು ಕಮಾನು. ಡಾಕ್ಟರಿಕೆ ಓದದವನಿಗೂ ತಿಳಿಯುವಂಥವು.

“ಮೊಳೆ ತರಚಿದ್ದು,” ಎಂದರು ಭಾವ, ಬಾಗಿಲಿಗೆ ಒರಗಿ. “ನಿಮ್ಮಕ್ಕನಿಗೆ ಕಣ್ಣು ನೆತ್ತಿ ಮೇಲೆ. ಗೋಡೆ ಪಾಪ ಇದ್ದಲ್ಲೇ ಇರುತ್ತೆ, ಇವಳೇ ಹೋಗಿ ಹಾಯ್ತಾಳೆ. ಅಲ್ವೇನೇ?”

“ಹೂಂ.”

“ನೋಡಪ್ಪಾ, ಬಾವು ಅವಳಿಗೆ, ಕೆಟ್ಟ ಹೆಸರು ಭಾವನಿಗೆ.”

ತಮ್ಮ ಮಾತಿಗೆ ತಾವೇ ನಕ್ಕರು. ಅವನೂ ನಕ್ಕ. ನಗು ಮುಗಿದ ಮೇಲೂ ತುಟಿಗಳು ಮಾಸ್ಕಿನೊಳಗೆ ಹಾಗೇ ಹಿಗ್ಗಿಕೊಂಡಿದ್ದವು.

ದಾಖಲೆಗೆ ಫೋಟೋ ತೆಗೆದು, ಗಾಯಕ್ಕೆ ಬಟ್ಟೆ ತುರುಕಿ, ಪಟ್ಟಿ ಸುತ್ತಿ, ಕಂಪ್ಯೂಟರಿನ ಮುಂದೆ ಕೂತು ಬರೆದ: ಎಡತೋಳು, ಚರ್ಮದ ಕೀವುಗಡ್ಡೆ, ಒಂದೇ, ಕೊಯ್ದು ಕೀವು ತೆಗೆದಿದೆ. ‘ಕಾರಣ’ ಎಂಬಲ್ಲಿ ಬೆರಳು ನಿಂತಿತು. ಮನುಷ್ಯನ ಕಡಿತ ಎಂದು ಬರೆದರೆ ಆಸ್ಪತ್ರೆಯವರು ಪೊಲೀಸರನ್ನು ಕರೆಯಲೇಬೇಕು. ಅಕ್ಕ ಈ ಮನುಷ್ಯನ ಜೊತೆ ಇವತ್ತು ಮನೆಗೆ ಹೋಗುವುದು ತಪ್ಪುತ್ತದೆ. ಭಾವ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಖಾಲಿ ಬಿಟ್ಟು ಕಳಿಸಿದ.

ಫೋನು ಬಂತು. ಕೆಳಮಹಡಿಯಲ್ಲಿ ಕೂತು, ಡಾಕ್ಟರು ಬರೆದ ಕಾಯಿಲೆ, ಕಾರಣಗಳಿಗೆಲ್ಲ ದಾಖಲೆಯ ಕೋಡ್ ಸಂಖ್ಯೆ ಹಾಕುವ ಹೆಂಗಸು.

“ಡಾಕ್ಟ್ರೇ, ಜಾಗಕ್ಕೆ ಕೋಡ್ ಆಯ್ತು, ಕೊಯ್ದದ್ದಕ್ಕೂ ಆಯ್ತು. ಕಾರಣ ಎಲ್ಲಿ? ಫೋಟೋದಲ್ಲಿ ಹಲ್ಲು ಕಾಣ್ತಿದೆಯಲ್ಲ.”

“ಕಂಡದ್ದನ್ನ ಹಾಕ್ಕೊಳ್ಳಿ.”

“ಕಂಡದ್ದಕ್ಕೆ ನಾನು ಹಾಕೋ ಹಾಗಿಲ್ಲ. ನೀವು ಬರೆದದ್ದಕ್ಕೇ ಹಾಕ್ಬೇಕು. ನಾಯಿ ಕಚ್ಚಿದ್ದಕ್ಕೊಂದಿದೆ, ಗಿಳಿ ಕಚ್ಚಿದ್ದಕ್ಕೂ ಒಂದಿದೆ, ಮನುಷ್ಯನದೂ ಇದೆ. ಯಾವ ಪ್ರಾಣಿ, ಹೇಳಿಬಿಡಿ.”

ಪಕ್ಕದಲ್ಲಿದ್ದ ಅಕ್ಕನಿಗೂ ಅದು ಕೇಳಿಸಿ, ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. ತೋಳು ಮುಚ್ಚಿಕೊಳ್ಳುತ್ತಿದ್ದ ಕೈ ಅಲ್ಲೇ ನಿಂತಿತು.

“ಯಾರಪ್ಪಾ ಅದು?” ಎಂದರು ಭಾವ.

“ಆಫೀಸಿಂದು.” ಫೋನಿಗೆ ಹೇಳಿದ: “ಮೊಳೆ.”



“ಆಗಲಿ. ಬರೆದು ಕಳಿಸಿ. ನೀವು ಸಹಿ ಹಾಕಿದ್ರೆ ಮೊಳೆಗೂ ದವಡೆ ಬರುತ್ತೆ.”

ಬರೆದು ಕಳಿಸಿದ.

“ಏಳೇ,” ಎಂದು ಭಾವ ಅಕ್ಕನ ಎಡತೋಳನ್ನೇ, ಪಟ್ಟಿಯ ಮೇಲೆಯೇ ಹಿಡಿದು ಎಬ್ಬಿಸಿದರು. ಬೆರಳುಗಳ ಸಂದಿನಲ್ಲಿ ಬಿಳಿ ಬಟ್ಟೆ ತೋಯ್ದು ಕೆಂಪಾಗುತ್ತಿತ್ತು.

“ಬರ್ತೀನಿ, ಡಾಕ್ಟ್ರೇ,” ಎಂದಳು ಅಕ್ಕ.

ಅವಳು ಹಾಗೆ ಅವನನ್ನು ಎಂದೂ ಕರೆದಿರಲಿಲ್ಲ.

ಅವರು ಹೋದ ಮೇಲೆ ಚಿಲಕ ಹಾಕಿದ. ಮಾಸ್ಕ್ ಕಳಚಿ, ಅಂಗಿಯ ತೋಳು ಮಡಿಸಿದ. ಹಲ್ಲು ಹಾಗೆ ಊರಲು ಎಷ್ಟು ಬಲ ಬೇಕಾದೀತು ಎಂದು ತಿಳಿಯುವುದಷ್ಟೇ ಅವನ ಉದ್ದೇಶವಾಗಿತ್ತು. ತನ್ನ ಎಡತೋಳನ್ನು ಮೆಲ್ಲಗೆ ಕಚ್ಚಿದ. ಸಾಲದು. ಇನ್ನಷ್ಟು ಒತ್ತಿದ. ಚರ್ಮ ಹಿಡಿದು ನಿಂತಿತು, ಆಮೇಲೆ ಬಿಟ್ಟುಕೊಟ್ಟಿತು. ನಾಲಿಗೆಗೆ ಉಪ್ಪು ಹತ್ತಿತು.

ನರ್ಸ್ ಬಾಗಿಲು ಬಡಿದಳು. “ಮುಂದಿನವರನ್ನ ಕಳಿಸ್ಲಾ, ಡಾಕ್ಟ್ರೇ?”

ಕಳಿಸು ಎನ್ನಬೇಕಿತ್ತು. ಹಲ್ಲುಗಳು ತೋಳನ್ನು ಬಿಡಲಿಲ್ಲ.